ದಡಾರದ ವಂಶಾವಳಿ

2017ನೆಯ ಇಸವಿಯ ಫೆಬ್ರವರಿ ತಿಂಗಳು. ನಾನಾಗ ನಮ್ಮೂರಿನ ಶಾಲೆಯಲ್ಲಿ ಏಳನೆಯ ತರಗತಿಯ ವಿದ್ಯಾರ್ಥಿ. ಆ ತಿಂಗಳ 5ನೆಯ ತಾರೀಖಿನಂದು ಬೆಂಗಳೂರಿನಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನಕ್ಕೆ ಆರಂಭೋತ್ಸವವಾಯಿತು. ಮೊದಲ ಹಂತದಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. ಆಮೇಲೆ ಉಳಿದ ಪ್ರಾಂತಗಳು. 9 ತಿಂಗಳು ತುಂಬಿದ ಕೂಸಿನಿಂದ ಹಿಡಿದು 15 ವರ್ಷದೊಳಗಿನ ಸುಮಾರು 41 ಕೋಟಿ ಮಕ್ಕಳಿಗೆ ಚುಚ್ಚುಮದ್ದು ಹಾಕುವುದೆಂಬ ಬಹು ದೊಡ್ಡ ಯೋಜನೆ ಅದು. ನಾವೆಲ್ಲ ಶಾಲೆಯ ಜಗುಲಿಯ ಮೇಲೆ ಸಾಲಾಗಿ ನಿಂತು ಚುಚ್ಚಿಸಿಕೊಂಡೆವು. ಹೆಬ್ಬೆರಳಿನ ಮೇಲೆ ಹಾಕಿದ ಮಸಿಯ ಗುರುತನ್ನು ಓಟು ಹಾಕಿ ಬಂದ ದೊಡ್ಡವರಂತೆ ಒಬ್ಬರಿಗೊಬ್ಬರು ತೋರಿಸಿಕೊಂಡು ಮನೆಗೆ ಬಂದೆವು.

ನನ್ನ ಚಿಕ್ಕಮ್ಮನ ಕೂಸಿಗೆ ಆಗ ಹತ್ತು ತಿಂಗಳು. ಅಂಗನವಾಡಿಯಲ್ಲಿ ಅದಕ್ಕೂ ಲಸಿಕೆ ಹಾಕಿಸಿದರು. ಒಂಬತ್ತನೆಯ ದಿನ ಮಗುವಿನ ಮೈ ಕಾದಿತು. ಮರುದಿನ ಎದೆಯ ಮೇಲೂ ಬೆನ್ನಿನ ಮೇಲೂ ಕೆಂಪು ಗಂದೆಗಳು ಎದ್ದವು. ನಮ್ಮ ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, "ಅಮ್ಮ ಬಂದವ್ಳೆ. ಸೂಜಿ ಬ್ಯಾಡ ಅಂತ ಬಡ್ಕೊಂಡೆ, ಯಾರು ಕೇಳ್ತೀರಿ?" ಎಂದು ಗೊಣಗಿದರು. ಚಿಕ್ಕಮ್ಮನಂತೂ ನರ್ಸಮ್ಮನವರನ್ನು ಬೀದಿಯಲ್ಲಿಯೇ ತಡೆದು, "ಇಲ್ದೆ ಇದ್ದ ಕಾಯ್ಲೇನ ನೀವೇ ತಂದು ಹಚ್ಚಿದ್ರಲ್ಲ" ಎಂದು ಕಣ್ಣೀರು ಹಾಕಿದಳು. "ಲಸಿಕೆ ಹಾಕಿದ ಮೇಲೆ ಕೆಲವು ಮಕ್ಕಳಿಗೆ ಹಿಂಗೆ ಆಯ್ತದೆ ಕಣವ್ವ, ಎರಡು ದಿನಕ್ಕೆ ಇಳೀತದೆ" ಎಂಬುದು ನರ್ಸಮ್ಮನವರ ಸಮಾಧಾನ. ಎದುರು ಮನೆಯವರದು ಮತ್ತೊಂದು ಮಾತು: "ಪಕ್ಕದೂರಲ್ಲಿ ದಡಾರ ಎದ್ದೈತೆ. ಜಾತ್ರೆಗೆ ಎತ್ಕೊಂಡು ಹೋಗಿದ್ರಲ್ಲ, ಅಲ್ಲೇ ಅಂಟ್ಕೊಂಡಿರಬೇಕು."

ಮೂರನೆಯ ದಿನಕ್ಕೆ ಮಗು ಚೇತರಿಸಿಕೊಂಡಿತು. ಆದರೆ ಮಾತು ಚೇತರಿಸಿಕೊಳ್ಳಲಿಲ್ಲ. ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ತಮ್ಮ ಮಕ್ಕಳನ್ನು ಲಸಿಕೆಗೆ ಕಳುಹಿಸಲೇ ಇಲ್ಲ. ಮೂವರಲ್ಲಿ ಯಾರ ಮಾತು ನಿಜ? ಮಗುವಿಗೆ ಬಂದದ್ದು ಲಸಿಕೆಯ ಫಲವೋ, ಊರಿನಲ್ಲಿ ತಿರುಗುತ್ತಿದ್ದ ನಿಜವಾದ ದಡಾರವೋ? ಇದನ್ನು ಖಚಿತವಾಗಿ ಹೇಳುವ ಉಪಾಯವೇನಾದರೂ ಉಂಟೆ? ಅಂದು ಹುಡುಗನಾದ ನನಗೆ ಹುಟ್ಟಿದ ಈ ಪ್ರಶ್ನೆಗೆ ಉತ್ತರವಿದೆಯೆಂಬುದು ಎಷ್ಟೋ ವರ್ಷಗಳ ತರುವಾಯ ತಿಳಿಯಿತು. ನಾನು ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡು ಓದುತ್ತಿರುವವನು. ವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೂ ತಿಳಿದುಕೊಂಡಷ್ಟನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ದಡಾರವು ಗಾಳಿಯಲ್ಲಿ ಹರಡುವ ವೈರಾಣುವಿನಿಂದ ಬರುವ ರೋಗ. ರೋಗಿ ಕೆಮ್ಮಿ ಹೋದ ಕೋಣೆಯಲ್ಲಿ ಎರಡು ಗಂಟೆಗಳ ಕಾಲ ಅದರ ಕಣಗಳು ಉಳಿದಿರಬಲ್ಲವು. ಯಾರಿಗೂ ರಕ್ಷಣೆಯಿಲ್ಲದ ಸಮಾಜದಲ್ಲಿ ಒಬ್ಬ ರೋಗಿಯು 12ರಿಂದ 18 ಮಂದಿಗೆ ಇದನ್ನು ಅಂಟಿಸಬಲ್ಲನೆಂದು ಲೆಕ್ಕ. ಅಂಟಿದ ಸುಮಾರು 14 ದಿನಗಳಿಗೆ ಮೈಮೇಲೆ ಗಂದೆ ಕಾಣಿಸಿಕೊಳ್ಳುತ್ತದೆ. ಬಹುಪಾಲು ಮಕ್ಕಳು ಗುಣಹೊಂದುತ್ತಾರೆಂಬುದೇನೋ ನಿಜ. ಆದರೆ ನ್ಯುಮೋನಿಯಾ, ಭೇದಿ, ಮೆದುಳಿನ ಉರಿಯೂತ, ಕುರುಡುತನ ಇವು ಅದರ ಹಿಂದೆಯೇ ಬರುವ ಪರಿವಾರ. ಲಸಿಕೆ ಬರುವುದಕ್ಕೆ ಮುಂಚೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಇದರಿಂದ ಸಾಯುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2023ರಲ್ಲಿ ಸತ್ತವರು ಸುಮಾರು 1 ಲಕ್ಷ 7 ಸಾವಿರ. ಇಳಿಕೆ ದೊಡ್ಡದೇ; ಆದರೆ ಸತ್ತವರಲ್ಲಿ ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳೆಂಬುದನ್ನು ಮರೆಯುವಂತಿಲ್ಲ.

ಈ ರೋಗದ ಹೆಜ್ಜೆಗಳನ್ನು ಹಿಡಿದು ಹೊರಟವರಲ್ಲಿ ಡೆನ್ಮಾರ್ಕಿನ ಪೀಟರ್ ಪಾನುಮ್ ಎಂಬ ತರುಣ ವೈದ್ಯನ ಹೆಸರು ಪ್ರಸಿದ್ಧವಾದುದು. 1846ರಲ್ಲಿ ಅಟ್ಲಾಂಟಿಕ್ ಸಾಗರದ ನಡುವಿನ ಫೆರೋ ದ್ವೀಪಗಳಲ್ಲಿ ದಡಾರ ಎದ್ದಿತು. ಅಲ್ಲಿದ್ದ 7,782 ಜನರಲ್ಲಿ 6,000ಕ್ಕೂ ಹೆಚ್ಚು ಮಂದಿ ಮಲಗಿದರು. ಪಾನುಮ್ ಹಳ್ಳಿ ಹಳ್ಳಿಗೆ ಹೋಗಿ, ಯಾರು ಯಾವ ದಿನ ಯಾರನ್ನು ಕಂಡರು, ಯಾವ ದಿನ ಯಾರಿಗೆ ಗಂದೆ ಎದ್ದಿತು ಎಂಬುದನ್ನೆಲ್ಲ ಬರೆದುಕೊಂಡನು. ರೋಗವು ದೋಣಿಯೊಡನೆ ಬಂದು ಮನುಷ್ಯನಿಂದ ಮನುಷ್ಯನಿಗೆ ದಾಟಿತೆಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಮತ್ತೊಂದು ಸೋಜಿಗ: 1781ರಲ್ಲಿ, ಅಂದರೆ 65 ವರ್ಷಗಳ ಹಿಂದೆ, ಆ ದ್ವೀಪಗಳಲ್ಲಿ ದಡಾರ ಬಂದುಹೋಗಿತ್ತು, ಅಂದು ಬಾಲ್ಯದಲ್ಲಿ ನರಳಿ ಬದುಕಿದ್ದ ವೃದ್ಧರನ್ನು ಈ ಸಲ ಅದು ಮುಟ್ಟಲಿಲ್ಲ. ಒಮ್ಮೆ ಬಂದರೆ ಆಜೀವ ರಕ್ಷಣೆ! ಸೌಮ್ಯವಾದ ವೈರಾಣುವನ್ನು ನಾವೇ ಒಮ್ಮೆ ಮೈಗೆ ಪರಿಚಯ ಮಾಡಿಸಿಬಿಟ್ಟರೆ ಉಗ್ರವಾದುದು ಬಂದಾಗ ಮೈ ಸೋಲುವುದಿಲ್ಲ ಎಂಬುದೇ ಲಸಿಕೆಯ ಮೂಲ ತತ್ತ್ವ.

ಆ ಸೌಮ್ಯ ವೈರಾಣು ದೊರೆತ ಕಥೆಯೂ ಸ್ವಾರಸ್ಯವಾದುದು. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಮೀಪದ ಶಾಲೆಯೊಂದರಲ್ಲಿ ದಡಾರ ಹರಡಿತು. ಜಾನ್ ಎಂಡರ್ಸ್ ಎಂಬ ವಿಜ್ಞಾನಿಯ ಸಹಾಯಕರಾಗಿದ್ದ ಡಾಕ್ಟರ್ ಥಾಮಸ್ ಪೀಬಲ್ಸ್ ಅವರು ಅಲ್ಲಿಯ ಎಡ್ಮನ್‌ಸ್ಟನ್ ಎಂಬ ಬಾಲಕನ ರಕ್ತದಿಂದಲೂ ಗಂಟಲಿನ ದ್ರವದಿಂದಲೂ ವೈರಾಣುವನ್ನು ಬೇರ್ಪಡಿಸಿದರು. ಅದನ್ನು ಜೀವಕೋಶಗಳಲ್ಲಿಯೂ ಕೋಳಿಯ ಭ್ರೂಣದಲ್ಲಿಯೂ ಮತ್ತೆ ಮತ್ತೆ ಬೆಳೆಸಿ ಅದರ ಉಗ್ರತೆಯನ್ನು ಇಳಿಸಲಾಯಿತು. 1963ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಅನುಮತಿ ದೊರೆಯಿತು. ನಮ್ಮ ದೇಶದ ಅಭಿಯಾನದಲ್ಲಿ ಹಾಕಿದ್ದು ಇದೇ ಮನೆತನದ 'ಎಡ್ಮನ್‌ಸ್ಟನ್-ಜಾಗ್ರೆಬ್' ಎಂಬ ಕವಲು. ಎಲ್ಲೋ ಬಾಸ್ಟನ್ನಿನ ಶಾಲೆಯ ಹುಡುಗನ ಗಂಟಲಿನಲ್ಲಿದ್ದ ವೈರಾಣುವಿನ ಸಂತತಿ ನಮ್ಮ ಹಳ್ಳಿಯ ಅಂಗನವಾಡಿಗೆ ಬಂದು ಮಕ್ಕಳ ಕಾವಲಿಗೆ ನಿಂತಿದೆ!

ಇಲ್ಲಿಯೇ ನಮ್ಮ ಪ್ರಶ್ನೆ ಹುಟ್ಟುವುದು. ಲಸಿಕೆಯಲ್ಲಿರುವುದು ಜೀವಂತ ವೈರಾಣು. ಅದು ಮೈಯಲ್ಲಿ ಕೊಂಚ ಬೆಳೆಯುವುದರಿಂದಲೇ ರಕ್ಷಣೆ ಉಂಟಾಗುವುದು. ಆದ್ದರಿಂದ ಲಸಿಕೆ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ಐವರಿಗೆ, ಒಂದು ವಾರ ಹತ್ತು ದಿನಗಳ ಸುಮಾರಿಗೆ, ನವಿರಾದ ಗಂದೆ ಏಳುತ್ತದೆ; ಅದಕ್ಕಿಂತ ಹೆಚ್ಚು ಜನರಿಗೆ ಜ್ವರ ಬರುತ್ತದೆ. ತಾನಾಗಿಯೇ ಇಳಿಯುತ್ತದೆ. ಅದು ಪಕ್ಕದ ಮಗುವಿಗೆ ಅಂಟಿತೆಂಬುದಕ್ಕೆ ದೃಢವಾದ ಆಧಾರ ದೊರೆತಿಲ್ಲ. ಆದರೆ ಅಭಿಯಾನ ನಡೆಯುವುದು ಎಲ್ಲಿ? ಬಹುಮಟ್ಟಿಗೆ ದಡಾರ ಇನ್ನೂ ಓಡಾಡುತ್ತಿರುವ ಕಡೆಗಳಲ್ಲಿಯೇ. ಲಸಿಕೆ ಹಾಕಿಸುವ ನಾಲ್ಕಾರು ದಿನ ಮೊದಲೇ ನಿಜವಾದ ವೈರಾಣು ಅಂಟಿದ್ದರೆ ಅದೂ ಅದೇ ವಾರದಲ್ಲಿಯೇ ಹೊರಬೀಳುತ್ತದೆ. ಕಣ್ಣಿಗೆ ಎರಡೂ ಒಂದೇ. ರಕ್ತವನ್ನು ಪರೀಕ್ಷಿಸಿದರೆ? ದಡಾರದ ವಿರುದ್ಧ ಮೈ ಹೊಸದಾಗಿ ತಯಾರಿಸಿದ ಪ್ರತಿಕಾಯಗಳು ಎರಡು ಸಂದರ್ಭಗಳಲ್ಲಿಯೂ ಕಾಣುತ್ತವೆ. ಆ ಪರೀಕ್ಷೆ 'ದಡಾರ ಉಂಟು' ಎನ್ನುವುದೇ ಹೊರತು 'ಯಾರ ಮನೆಯ ದಡಾರ' ಎಂದು ಹೇಳಲಾರದು.

ಹೇಳುವುದು ವೈರಾಣುವಿನ ಬರಹ ಮಾತ್ರ. ಇದನ್ನು ವಿವರಿಸಲು ನನಗೆ ಪರಿಚಿತವಾದ ಶಾಸ್ತ್ರವೊಂದರ ಸಹಾಯ ಪಡೆಯುತ್ತೇನೆ. ಗ್ರಂಥಸಂಪಾದನೆಯ ಪಾಠವನ್ನು ಕೇಳಿದವರೆಲ್ಲರಿಗೂ ಈ ಸಂಗತಿ ಗೊತ್ತು: ಹಳೆಯ ಕಾವ್ಯದ ಓಲೆಗರಿಯನ್ನು ಒಬ್ಬ ಲಿಪಿಕಾರ ನೋಡಿ ಬರೆಯುತ್ತಾನೆ, ಅದನ್ನು ನೋಡಿ ಮತ್ತೊಬ್ಬ. ಬರೆಯುವಾಗ ಕೈತಪ್ಪು ಆಗುತ್ತದೆ. ಒಮ್ಮೆ ಆದ ತಪ್ಪು ಆ ಪ್ರತಿಯಿಂದ ಹುಟ್ಟಿದ ಪ್ರತಿಗಳಲ್ಲೆಲ್ಲ ಮುಂದುವರಿಯುತ್ತದೆ. ಎರಡು ಊರುಗಳ ಮಠಗಳಲ್ಲಿ ದೊರೆತ ಪ್ರತಿಗಳಲ್ಲಿ ಒಂದೇ ಪದ್ಯದ ಒಂದೇ ಅಕ್ಷರ ಒಂದೇ ರೀತಿಯಲ್ಲಿ ತಪ್ಪಿದ್ದರೆ ಅವೆರಡಕ್ಕೂ ಮಾತೃಪ್ರತಿ ಒಂದೇ ಎಂದು ಸಂಪಾದಕರು ಊಹಿಸುತ್ತಾರೆ. ಹೀಗೆ ಪಾಠಾಂತರಗಳನ್ನು ಹೋಲಿಸಿ ಪ್ರತಿಗಳ ವಂಶವೃಕ್ಷವನ್ನು ಬರೆಯುವುದುಂಟು.

ವೈರಾಣುವೂ ಒಂದು ಓಲೆಗರಿಯೇ. ದಡಾರದ ವೈರಾಣುವಿನ ಒಳಗೆ ಆರ್‌ಎನ್‌ಎ ಎಂಬ ಒಂದು ಎಳೆ ಇದೆ. ಅದರ ಮೇಲೆ ನಾಲ್ಕೇ ಬಗೆಯ ಅಕ್ಷರಗಳಲ್ಲಿ ಅದರ ಸಕಲ ವೃತ್ತಾಂತವೂ ಬರೆದಿದೆ; ಸಾಧಾರಣವಾಗಿ ಒಟ್ಟು 15,894 ಅಕ್ಷರಗಳು. ನಮ್ಮ ಜೀವಕೋಶವನ್ನು ಹೊಕ್ಕ ವೈರಾಣು ತನ್ನ ಈ ಬರಹವನ್ನು ಸಾವಿರಾರು ಪ್ರತಿ ಮಾಡಿಸುತ್ತದೆ. ಪ್ರತಿ ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ; ಆ ತಪ್ಪು ಮುಂದಿನ ಪೀಳಿಗೆಗೂ ಹೋಗುತ್ತದೆ. ಗಂದೆ ಎದ್ದ ಕೆಲವೇ ದಿನಗಳೊಳಗೆ ರೋಗಿಯ ಗಂಟಲಿನ ದ್ರವವನ್ನೋ ಮೂತ್ರವನ್ನೋ ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಿದರೆ ಆ ಬರಹವನ್ನು ಓದಬಹುದು. ಎಲ್ಲವನ್ನೂ ಓದುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆರ್‌ಎನ್‌ಎಯನ್ನು ಹೊದ್ದಿರುವ ಪ್ರೋಟೀನಿನ ಜೀನಿನ ಕೊನೆಯಲ್ಲಿ 450 ಅಕ್ಷರಗಳ ಒಂದು ಭಾಗವಿದೆ. ಪಾಠಾಂತರಗಳು ಹೇರಳವಾಗಿರುವುದು ಅಲ್ಲಿಯೇ. ಬೇರೆ ಬೇರೆ ತಳಿಗಳ ನಡುವೆ ಈ ಭಾಗದಲ್ಲಿ ನೂರಕ್ಕೆ 12 ಅಕ್ಷರಗಳವರೆಗೂ ವ್ಯತ್ಯಾಸವಿರುವುದುಂಟು. ಹೀಗೆ ಓದಿ ವಿಜ್ಞಾನಿಗಳು ದಡಾರದ ವೈರಾಣುವನ್ನು ಎ ಇಂದ ಎಚ್‌ವರೆಗೆ 8 ಬಣಗಳಾಗಿಯೂ ಒಟ್ಟು 24 ತಳಿಗಳಾಗಿಯೂ ವಿಂಗಡಿಸಿದ್ದಾರೆ: ಬಿ3, ಡಿ4, ಡಿ8, ಎಚ್1 ಮುಂತಾದುವು.

ಇಷ್ಟು ತಳಿಗಳಿದ್ದರೆ ಒಂದೇ ಲಸಿಕೆ ಹೇಗೆ ಸಾಕು ಎಂದು ಯಾರಾದರೂ ಕೇಳಬಹುದು. ವೈರಾಣು ನಮ್ಮ ಕೋಶದ ಬಾಗಿಲನ್ನು ತೆರೆಯಲು ಬಳಸುವ ಪ್ರೋಟೀನು ಮಾತ್ರ ಹೆಚ್ಚು ಬದಲಾಗಲಾರದು. ಬದಲಾದರೆ ಬೀಗಕ್ಕೆ ಕೀಲಿ ಕೂಡುವುದಿಲ್ಲ. ನಮ್ಮ ಮೈ ಗುರುತಿಟ್ಟುಕೊಳ್ಳುವುದು ಮುಖ್ಯವಾಗಿ ಅದನ್ನೇ. ಆದ್ದರಿಂದ 1954ರ ವೈರಾಣುವಿನಿಂದ ಆದ ಲಸಿಕೆ ಇಂದಿನ ಎಲ್ಲ ತಳಿಗಳನ್ನೂ ತಡೆಯುತ್ತದೆ. ತಳಿಯ ವಿಚಾರಣೆ ಚಿಕಿತ್ಸೆಗಾಗಿ ಅಲ್ಲ. ರೋಗ ಎಲ್ಲಿಂದ ಬಂತೆಂದು ತಿಳಿಯುವುದಕ್ಕಾಗಿ.

ನಮ್ಮ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಅಡಗಿದೆ. ಲಸಿಕೆಗೆ ಬಳಸುವ ವೈರಾಣುಗಳೆಲ್ಲವೂ ಎ ತಳಿಗೆ ಸೇರಿದವು. ಊರೂರುಗಳಲ್ಲಿ ಹರಡುತ್ತಿದ್ದ ಎ ತಳಿಯ ನೈಸರ್ಗಿಕ ವೈರಾಣುವಾದರೋ ಈಗ ಎಲ್ಲಿಯೂ ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಸೌಮ್ಯಗೊಂಡ ಅದರ ಸಂತಾನ ಮಾತ್ರ ಉಳಿದಿದೆ. ಆದುದರಿಂದ ಗಂದೆ ಎದ್ದ ಮಗುವಿನ ಗಂಟಲಿನಲ್ಲಿ ಎ ತಳಿ ಕಂಡರೆ ಅದು ಲಸಿಕೆಯದು, ಹೆದರಬೇಕಾದುದಿಲ್ಲ. ಡಿ8 ಅಥವಾ ಬಿ3 ಕಂಡರೆ ಅದು ಊರಿನಲ್ಲಿ ತಿರುಗುತ್ತಿರುವ ರೋಗ, ಕೂಡಲೆ ಸುತ್ತಲಿನ ಮಕ್ಕಳನ್ನು ರಕ್ಷಿಸಬೇಕು. ನಮ್ಮ ಅಜ್ಜಿ, ನರ್ಸಮ್ಮ, ಎದುರು ಮನೆಯವರು ಮೂವರ ವಾದವನ್ನೂ 450 ಅಕ್ಷರಗಳು ತೀರ್ಮಾನಿಸಿಬಿಡುತ್ತಿದ್ದವು!

ಇದು ಬರಿಯ ಊಹೆಯಲ್ಲ. 2014ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಡಿಸ್ನಿಲ್ಯಾಂಡ್ ವಿಹಾರಸ್ಥಳದಿಂದ ದಡಾರ ಹರಡಿತು. ಆ ವೈರಾಣು ಬಿ3 ತಳಿಯದು. ಜನ ಗಾಬರಿಗೊಂಡು ಲಸಿಕೆಗೆ ಮುಗಿಬಿದ್ದರು. ಲಸಿಕೆ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಗಂದೆ ಎದ್ದಿತು. ಇವರೂ ರೋಗಿಗಳೇ ಎಂದು ಲೆಕ್ಕಕ್ಕೆ ಹಿಡಿದಿದ್ದರೆ ಪಿಡುಗು ಇರುವುದಕ್ಕಿಂತ ದೊಡ್ಡದಾಗಿ ತೋರುತ್ತಿತ್ತು. ಲಸಿಕೆಯೇ ರೋಗವನ್ನು ಹೆಚ್ಚಿಸಿತೆಂಬ ಅಪವಾದವೂ ಬರುತ್ತಿತ್ತು. 2015ರಲ್ಲಿ ಆ ದೇಶದಲ್ಲಿ ಓದಿದ 194 ವೈರಾಣುಗಳ ಬರಹಗಳಲ್ಲಿ 73 ಲಸಿಕೆಯ ತಳಿಯವೆಂದು ತಿಳಿದುಬಂತು. ಎಲ್ಲ ಅಕ್ಷರಗಳನ್ನೂ ಓದುವ ಬದಲು ಲಸಿಕೆಯ ತಳಿಯನ್ನು ಮಾತ್ರ ಬೇಗನೆ ಗುರುತಿಸುವ ಪರೀಕ್ಷೆಯೊಂದನ್ನೂ ವಿಜ್ಞಾನಿಗಳು ರೂಪಿಸಿ 2017ರಲ್ಲಿ ಪ್ರಕಟಿಸಿದರು.

ಒಂದು ಮಗುವಿನ ಮಾತಾಯಿತು. ಇದೇ ವಿದ್ಯೆ ಒಂದು ದೇಶದ ಅಭಿಯಾನ ಗೆದ್ದಿತೋ ಸೋತಿತೋ ಎಂಬುದನ್ನೂ ಹೇಳಬಲ್ಲುದು. ಚೀನಾ ದೇಶದ ನಿದರ್ಶನ ನೋಡಿ. ಅಲ್ಲಿ ಬಹುಕಾಲದಿಂದ ಬೇರೂರಿದ್ದುದು ಎಚ್1 ತಳಿ. 2010ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಅಭಿಯಾನ ನಡೆಸಿ 10 ಕೋಟಿಗೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಿದರು. 2012ರ ವೇಳೆಗೆ ರೋಗಿಗಳ ಸಂಖ್ಯೆ ವರ್ಷಕ್ಕೆ ಸುಮಾರು 6 ಸಾವಿರಕ್ಕೆ ಇಳಿಯಿತು. ಇನ್ನೇನು ರೋಗ ತೊಲಗಿತು ಎನ್ನುವಷ್ಟರಲ್ಲಿ ಮತ್ತೆ ಏರಿ 2014ರಲ್ಲಿ 50 ಸಾವಿರವನ್ನು ದಾಟಿತು. ಇದು ಹೊರಗಿನಿಂದ ಬಂದ ರೋಗವೋ, ಒಳಗೆ ಉಳಿದ ಕಿಡಿಯೋ? ತಳಿಯನ್ನು ನೋಡಿದರೆ ಬಹುಮಟ್ಟಿಗೆ ಅದೇ ಹಳೆಯ ಎಚ್1. ಅಂದರೆ ಅಭಿಯಾನವು ಬೆಂಕಿಯನ್ನು ತಗ್ಗಿಸಿತ್ತು, ಆರಿಸಿರಲಿಲ್ಲ. ಲಸಿಕೆಯ ವಯಸ್ಸಿಗೆ ಬಾರದ ಕೂಸುಗಳಲ್ಲಿಯೂ ಲಸಿಕೆ ತಪ್ಪಿದ ವಯಸ್ಕರಲ್ಲಿಯೂ ಅದು ಉಳಿದುಕೊಂಡಿತ್ತು. ದೋಷ ಗಡಿಯಲ್ಲಿಲ್ಲ, ಮನೆಯೊಳಗಿದೆ ಎಂಬ ಈ ತಿಳಿವಳಿಕೆ ಮುಂದಿನ ಕೆಲಸಕ್ಕೆ ದಾರಿಯಾಯಿತು. 2019ರ ತರುವಾಯ ಎಚ್1 ತಳಿಯ ಸುಳಿವಿಲ್ಲ.

ಅಮೆರಿಕದ ಕಥೆ ಇದಕ್ಕೆ ವಿರುದ್ಧವಾದುದು. 1989ರಿಂದ 1991ರವರೆಗೆ ಸಂಯುಕ್ತ ಸಂಸ್ಥಾನಗಳಲ್ಲಿ ದೊಡ್ಡ ಪಿಡುಗು ಎದ್ದು 55 ಸಾವಿರ ಜನ ಮಲಗಿದರು. ಆಗ ಎಲ್ಲೆಲ್ಲಿಯೂ ಕಂಡದ್ದು ಡಿ3 ತಳಿ. ಎರಡನೆಯ ಸಲದ ಲಸಿಕೆಯನ್ನು ಬಿಗಿಯಾಗಿ ಜಾರಿಗೆ ತಂದ ಮೇಲೆ ಆ ತಳಿ ಮಾಯವಾಯಿತು. ಆಮೇಲೆಯೂ ದಡಾರ ಅಲ್ಲಲ್ಲಿ ಕಾಣುತ್ತಲೇ ಇತ್ತು; ಆದರೆ ಇಂದು ಒಂದು ತಳಿ, ನಾಳೆ ಮತ್ತೊಂದು, ಅವೂ ಜಪಾನಿನಲ್ಲಿಯೋ ಯುರೋಪಿನಲ್ಲಿಯೋ ಇದ್ದಂಥವು. ಮನೆಯ ರೋಗ ಹೋಯಿತು, ಈಗಿರುವುದು ಅತಿಥಿಗಳು ಮಾತ್ರ ಎಂಬುದಕ್ಕೆ ಅದೊಂದು ಮುಖ್ಯ ಸಾಕ್ಷ್ಯವಾಯಿತು. 2000ದಲ್ಲಿ ಅಲ್ಲಿ ದಡಾರ ನಿರ್ಮೂಲವಾಯಿತೆಂದು ಸಾರಿದರು. 2016ರ ಸೆಪ್ಟೆಂಬರಿನಲ್ಲಿ ಉತ್ತರ ದಕ್ಷಿಣ ಅಮೆರಿಕ ಖಂಡಗಳೆರಡೂ ದಡಾರಮುಕ್ತವೆಂಬ ಘೋಷಣೆಯಾಯಿತು.

ಆ ಸಂತೋಷ ಬಹುಕಾಲ ನಿಲ್ಲಲಿಲ್ಲ. ಇಲ್ಲಿ ಒಂದು ನಿಯಮವನ್ನು ತಿಳಿಯಬೇಕು: ಹೊರಗಿನಿಂದ ಬಂದ ವೈರಾಣು ಒಂದು ದೇಶದಲ್ಲಿ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಒಂದೇ ಸರಪಳಿಯಾಗಿ ಮುಂದುವರಿದರೆ ಅದನ್ನು ಅತಿಥಿಯೆನ್ನುವಂತಿಲ್ಲ, ಮನೆಯವನೆಂದೇ ಎಣಿಸಬೇಕು. 2017ರ ಜುಲೈ ತಿಂಗಳಲ್ಲಿ ವೆನಿಜುವೆಲಾ ದೇಶವನ್ನು ಹೊಕ್ಕ ಡಿ8 ತಳಿಯ ಒಂದು ಕವಲು ವರ್ಷ ತುಂಬಿದರೂ ನಿಲ್ಲಲಿಲ್ಲ. ಆ ದೇಶದಲ್ಲಿ ಔಷಧಕ್ಕೂ ಅನ್ನಕ್ಕೂ ತತ್ವಾರವಾಗಿ ಜನ ನೆರೆನಾಡುಗಳಿಗೆ ವಲಸೆ ಹೋಗುತ್ತಿದ್ದ ಕಾಲ ಅದು. ಬ್ರೆಜಿಲ್, ಕೊಲಂಬಿಯಾ, ಈಕ್ವೆಡಾರ್, ಪೆರು ದೇಶಗಳ ರೋಗಿಗಳಲ್ಲಿ ಅದೇ ಕವಲು, ಅದೇ ಅಕ್ಷರಗಳು. ವೆನಿಜುವೆಲಾ 2018ರಲ್ಲಿಯೂ ಬ್ರೆಜಿಲ್ 2019ರಲ್ಲಿಯೂ ದಡಾರಮುಕ್ತವೆಂಬ ಸ್ಥಾನವನ್ನು ಕಳೆದುಕೊಂಡವು. ಲಸಿಕೆಯ ಕೆಲಸವನ್ನು ಬಲಪಡಿಸಿ 2024ರ ನವೆಂಬರಿನಲ್ಲಿ ಮತ್ತೆ ಪಡೆದ ಆ ಗೌರವವನ್ನು, 2025ರ ನವೆಂಬರಿನಲ್ಲಿ ಕೆನಡಾದಲ್ಲಿ ಒಂದೇ ಸರಪಳಿ ವರ್ಷ ದಾಟಿದ ಕಾರಣ, ಆ ಖಂಡಗಳು ಪುನಃ ಕಳೆದುಕೊಂಡವು. ಒಮ್ಮೆ ಗೆದ್ದರೆ ಸಾಲದು, ಕಾವಲು ಬಿಡಬಾರದು.

ಇನ್ನು ನಮ್ಮ ದೇಶ. ದಡಾರದ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದುದು 1985ರಲ್ಲಿ. ಎರಡನೆಯ ಸಲದ ಲಸಿಕೆ ಆರಂಭವಾದುದು 2010ರಲ್ಲಿ. ನಮ್ಮಲ್ಲಿ ಹೆಚ್ಚಾಗಿ ಕಂಡುಬಂದಿರುವ ತಳಿಗಳು ಡಿ4 ಮತ್ತು ಡಿ8. ಇವನ್ನು ಓದುವ ಕೆಲಸದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಪ್ರಮುಖವಾದುದು. ಅದರ ಒಂದು ಘಟಕ ಬೆಂಗಳೂರಿನಲ್ಲಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯಗಳ ಜಾಲದಲ್ಲಿ ಪ್ರಪಂಚದಾದ್ಯಂತ ಇಂಥ 700ಕ್ಕೂ ಹೆಚ್ಚು ಪ್ರಯೋಗಾಲಯಗಳಿದ್ದು, ಓದಿದ ಬರಹಗಳೆಲ್ಲ ಒಂದೆಡೆ ಸೇರುತ್ತವೆ.

ಅಲ್ಲಿ ಪ್ರತಿಯೊಂದು ವೈರಾಣುವಿಗೂ ಒಂದು ಹೆಸರು. ಒಂದು ಹೆಸರನ್ನು ಒಡೆದು ನೋಡೋಣ: 'ಎಂವಿಎಸ್/ಗಿರ್ ಸೋಮನಾಥ್.ಐಎನ್‌ಡಿ/42.16'. ಎಂವಿ ಎಂದರೆ ದಡಾರದ ವೈರಾಣು. ಎಸ್ ಎಂದರೆ ರೋಗಿಯ ಮಾದರಿಯಿಂದ ನೇರವಾಗಿ ಓದಿದ್ದು. ಗಿರ್ ಸೋಮನಾಥ ಗುಜರಾತಿನ ಒಂದು ಜಿಲ್ಲೆ, ಐಎನ್‌ಡಿ ಭಾರತ, 42.16 ಎಂದರೆ 2016ನೆಯ ಇಸವಿಯ 42ನೆಯ ವಾರ. ಹೆಸರಲ್ಲಿಯೇ ಊರು, ನಾಡು, ಕಾಲ ಎಲ್ಲವೂ ಬಂದುಬಿಟ್ಟಿತು, ನಮ್ಮ ಶಾಸನಗಳಲ್ಲಿ ಬರುವಂತೆ! ಡಿ8 ತಳಿಯ ಈ ಕವಲನ್ನು ಮುಂದೆ 2018, 2019ರಲ್ಲಿ ಯುರೋಪಿನ ಅನೇಕ ದೇಶಗಳಲ್ಲಿ ಕಂಡರು. ಇದರಿಂದ ಆ ಜಿಲ್ಲೆಯವರೇ ರೋಗವನ್ನು ಹಂಚಿದರೆಂದು ತಿಳಿಯಬಾರದು. ಆ ಪಾಠದ ಪ್ರತಿಯನ್ನು ಅಲ್ಲಿ ಓದಿ ಮಾದರಿಯೆಂದು ಇಟ್ಟುಕೊಂಡರು ಎಂಬಷ್ಟೇ ಅದರ ಅರ್ಥ. ಓಲೆಗರಿ ದೊರೆತ ಮಠವೇ ಕಾವ್ಯ ಹುಟ್ಟಿದ ಮಠವಾಗಬೇಕಿಲ್ಲವಷ್ಟೆ.

ಈ ವಿದ್ಯೆಗೂ ಮಿತಿಗಳುಂಟು. ಈ ಶತಮಾನದ ಆರಂಭದಲ್ಲಿ ಒಂದೊಂದು ವರ್ಷ ಹತ್ತಕ್ಕೂ ಹೆಚ್ಚು ತಳಿಗಳು ಪ್ರಪಂಚದಲ್ಲಿ ಕಾಣುತ್ತಿದ್ದವು. 2018ರ ಹೊತ್ತಿಗೆ ಅವು ಬೆರಳೆಣಿಕೆಗೆ ಇಳಿದವು. 2021ರಿಂದೀಚಿನ ವರದಿಗಳಲ್ಲಿ ಕಾಣುವ ನೈಸರ್ಗಿಕ ತಳಿಗಳು ಬಿ3 ಮತ್ತು ಡಿ8 ಎಂಬ ಎರಡೇ. ಲಸಿಕೆಯ ಅಭಿಯಾನಗಳು ಒಂದೊಂದಾಗಿ ಕೊಂಬೆಗಳನ್ನು ಕಡಿದುಹಾಕಿರುವುದರ ಗುರುತು ಇದು. ಆದರೆ ಇದರಿಂದಲೇ ಒಂದು ತೊಡಕು. ಉಳಿದಿರುವ ಪ್ರತಿಗಳೆಲ್ಲ ಒಂದೇ ಮಾತೃಪ್ರತಿಯ ಮಕ್ಕಳಾದರೆ ಪಾಠಾಂತರಗಳು ಕಡಿಮೆಯಾಗಿ ಸಂಪಾದಕನಿಗೆ ಕಷ್ಟವಾಗುವಂತೆ, ದೂರ ದೂರದ ದೇಶಗಳ ರೋಗಿಗಳಲ್ಲಿ 450 ಅಕ್ಷರಗಳೂ ಒಂದೇ ಆಗಿರುತ್ತವೆ. ಆದುದರಿಂದ ಈಗ ಎರಡು ಜೀನುಗಳ ನಡುವೆ ಇರುವ ಸುಮಾರು ಸಾವಿರ ಅಕ್ಷರಗಳ ಮತ್ತೊಂದು ಭಾಗವನ್ನು, ಕೆಲವು ವೇಳೆ ಇಡೀ ಬರಹವನ್ನೇ, ಓದುತ್ತಾರೆ. ಎರಡನೆಯ ಮಿತಿ ಇನ್ನೂ ಸರಳವಾದುದು. ಕಾಣದುದೆಲ್ಲ ಇಲ್ಲದುದಲ್ಲ. ಮಾದರಿ ತೆಗೆದರೆ ತಾನೆ ತಳಿ ತಿಳಿಯುವುದು? ಎಷ್ಟೋ ನಾಡುಗಳಲ್ಲಿ, ನಮ್ಮಲ್ಲಿಯೂ ಎಷ್ಟೋ ಹಳ್ಳಿಗಳಲ್ಲಿ, ಮಗುವಿಗೆ ಗಂದೆ ಎದ್ದರೆ ಬೇವಿನ ಸೊಪ್ಪು ಬಾಗಿಲಿಗೆ ಬರುತ್ತದೆಯೇ ಹೊರತು ಗಂಟಲಿನ ದ್ರವ ಪ್ರಯೋಗಾಲಯಕ್ಕೆ ಹೋಗುವುದಿಲ್ಲ.

ನಮ್ಮ ಚಿಕ್ಕಮ್ಮನ ಮಗುವಿನದೂ ಹೋಗಲಿಲ್ಲ. ಒಂಬತ್ತನೆಯ ದಿನ ಎದ್ದು ಮೂರೇ ದಿನಕ್ಕೆ ಇಳಿದ ಆ ಗಂದೆ ಲಸಿಕೆಯದೇ ಇರಬೇಕೆಂದು ಇಂದು ನನಗೆ ತೋರುತ್ತದೆ. ಆದರೆ ಸಾಕ್ಷ್ಯವಿಲ್ಲದೆ ತೀರ್ಪು ಕೊಡಲಾರೆ. ಮುಂದಿನ ವರ್ಷ ನಡೆದುದು ಮಾತ್ರ ನಿಸ್ಸಂದೇಹ. ಲಸಿಕೆಗೆ ಕಳುಹಿಸದ ಆ ನಾಲ್ಕು ಮನೆಗಳಲ್ಲಿ ಒಂದರ ಹುಡುಗಿ, ಐದು ವರ್ಷದವಳು, ದಡಾರದಿಂದ ಮಲಗಿದಳು. ಅದು ನ್ಯುಮೋನಿಯಾಕ್ಕೆ ತಿರುಗಿ ಹನ್ನೊಂದು ದಿನ ಜಿಲ್ಲಾ ಆಸ್ಪತ್ರೆಯಲ್ಲಿದ್ದಳು. ದೇವರ ದಯೆಯಿಂದ ಬದುಕಿದಳು. ಅವಳ ತಾಯಿ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು, "ನಿಮ್ ಮಗಿಗೆ ಮೈಮೇಲೆ ಎದ್ದಿದ್ದು ನೋಡಿ ನಾನು ಹಾಕಿಸ್ನಿಲ್ಲ ಕಣಕ್ಕ" ಎಂದಾಗ ಚಿಕ್ಕಮ್ಮ ತಲೆ ತಗ್ಗಿಸಿದಳು. ತಪ್ಪು ಅವಳದೂ ಅಲ್ಲ, ಇವಳದೂ ಅಲ್ಲ. ಇಬ್ಬರಿಗೂ ಉತ್ತರ ಸಿಕ್ಕಿರಲಿಲ್ಲ, ಅಷ್ಟೆ. ಉತ್ತರವಿಲ್ಲದ ಪ್ರಶ್ನೆ ಬೀದಿಯಲ್ಲಿ ನಿಂತರೆ ವದಂತಿಯಾಗುತ್ತದೆ. ವದಂತಿಯೂ ದಡಾರದಂತೆ ಗಾಳಿಯಲ್ಲಿಯೇ ಹರಡುತ್ತದೆ.

ದಡಾರ ನಿಲ್ಲಬೇಕಾದರೆ ನೂರಕ್ಕೆ 95 ಮಂದಿಗೆ ಎರಡು ಸಲದ ಲಸಿಕೆಯೂ ಆಗಿರಬೇಕು. ನಮ್ಮ ದೇಶ ಈ ರೋಗವನ್ನು ತೊಲಗಿಸಲು ಮೊದಲು 2020ನೆಯ ಇಸವಿಯನ್ನೂ ಆಮೇಲೆ 2023ನ್ನೂ ಗುರಿಯಾಗಿ ಇಟ್ಟುಕೊಂಡಿತು, ಎರಡೂ ದಾಟಿಹೋದವು. ಹೀಗಿರುವಾಗ ನಮ್ಮಂಥ ವಿದ್ಯಾರ್ಥಿಗಳಿಂದ ಆಗುವುದೇನು? ರಜೆಗೆ ಊರಿಗೆ ಹೋದಾಗ ಯಾವುದಾದರೂ ಮನೆಯಲ್ಲಿ ಮಗುವಿಗೆ ಜ್ವರವೂ ಗಂದೆಯೂ ಬಂದಿದೆಯೆಂದು ಕೇಳಿದರೆ, ಲಸಿಕೆ ಹಾಕಿಸಿದ ತಾರೀಖು ಯಾವುದು, ಗಂದೆ ಎದ್ದ ತಾರೀಖು ಯಾವುದು ಎಂದು ಬರೆದುಕೊಳ್ಳೋಣ. ಆಶಾ ಕಾರ್ಯಕರ್ತೆಗೋ ನರ್ಸಮ್ಮನವರಿಗೋ ಅಂದೇ ತಿಳಿಸೋಣ. ಗಂಟಲಿನ ದ್ರವವನ್ನು ತೆಗೆಯಲು ಬಂದರೆ ಬೇಡವೆನ್ನದಂತೆ ಮನೆಯವರಿಗೆ ಸಮಾಧಾನ ಹೇಳೋಣ. ಅಜ್ಜಿಯ ಬೇವಿನ ಸೊಪ್ಪು ಬಾಗಿಲಲ್ಲಿಯೇ ಇರಲಿ. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಆ ಬಾಗಿಲಿನೊಳಗೆ ನರ್ಸಮ್ಮನವರಿಗೂ ದಾರಿಯಿರಲಿ ಎಂಬುದಷ್ಟೇ ನನ್ನ ಬಿನ್ನಹ.